ಗಂಟು ಕಟ್ಟುವ ಮುಹೂರ್ತ

ಹೊಸ ಮನೆಗೆ ಹೋಗಲು ಮುಹೂರ್ತ ಕೇಳುವವರು ನಮ್ಮಲ್ಲಿ ಬೇಕಾದಷ್ಟು ಜನ ಇದ್ದಾರೆ. ಹಳೇ ಮನೆಯಲ್ಲಿ ಗಂಟುಮೂಟೆ ಕಟ್ಟಲು ಯಾವಾಗ ಶುರುಮಾಡಬೇಕು ಎಂದು ಜೋಯಿಸರನ್ನು ಕೇಳಿದವರನ್ನು ಮಾತ್ರ ನಾನು ಕಂಡಿಲ್ಲ. ಒಂಟಿಕೊಪ್ಪಲ್ ಪಂಚಾಂಗ ತೆರೆದರೆ ಮದುವೆಗೆ, ಮುಂಜಿಗೆ, ಗೃಹಪ್ರವೇಶಕ್ಕೆ ದಿನಗಳು ಸಿಗುತ್ತವೆ. ಸಜ್ಜೆಯ ಮೇಲಿನ ಟ್ರಂಕು ಇಳಿಸಲು ಯಾವ ನಕ್ಷತ್ರ ಒಳ್ಳೆಯದು ಅನ್ನುವುದನ್ನು ಆಯಾ ಮನೆಯವರ ಜಗಳಕ್ಕೇ ಬಿಟ್ಟಿದ್ದಾರೆ.

ಆ ಜಗಳದಲ್ಲಿ ಎರಡೇ ಪಕ್ಷ. "ಇವತ್ತಿಂದಲೇ ದಿನಕ್ಕೊಂದು ಡಬ್ಬ ಕಟ್ಟಿಟ್ಟರೆ ಆಯ್ತಪ್ಪ" ಅನ್ನುವುದು ಒಂದು. "ಹಿಂದಿನ ರಾತ್ರಿ ಕೂತರೆ ಎಲ್ಲ ಆಗುತ್ತೆ ಬಿಡು" ಅನ್ನುವುದು ಇನ್ನೊಂದು. ಜಾತಕ ಕೂಡಿಸುವವರು ಗಣ, ನಾಡಿ, ರಜ್ಜು ಎಲ್ಲ ನೋಡುತ್ತಾರೆ, ಇದೊಂದನ್ನು ನೋಡುವುದಿಲ್ಲ. ಹಾಗಾಗಿ ಒಂದು ಪಕ್ಷದವರು ತಪ್ಪದೆ ಇನ್ನೊಂದು ಪಕ್ಷದವರನ್ನೇ ಮದುವೆಯಾಗಿರುತ್ತಾರೆ. ಮುಂಚೆ ಕಟ್ಟುವ ಪಕ್ಷದವರು ಮೊದಲ ವಾರ ಸ್ವೆಟರು, ರಗ್ಗು, ಸ್ಟೀಲ್ ಕೊಳದಪ್ಪಲೆ ಕಟ್ಟಿಟ್ಟು ಸರಿಯಾಗಿಯೇ ಹೊರಡುತ್ತಾರೆ. ಆಮೇಲೆ ಕೈ ಸುಮ್ಮನಿರುವುದಿಲ್ಲ. ಇನ್ನೂ ಹದಿನೈದು ದಿನ ಬಾಳಬೇಕಾದ ಮನೆಯಲ್ಲಿ "ರೀ, ಸಾರಿನ ಸೌಟು ಎಲ್ಲಿ?" "ಬಾಕ್ಸಲ್ಲಿ." "ಯಾವ ಬಾಕ್ಸಲ್ಲಿ?" ಎಂಬ ಸಂಭಾಷಣೆ ಶುರುವಾಗುತ್ತದೆ. ಸೌಟು ಸಿಗದೆ ಲೋಟದಲ್ಲಿ ಸಾರು ಬಡಿಸಿಕೊಂಡು ಉಣ್ಣುತ್ತಾರೆ. ಕಡೆಯ ರಾತ್ರಿಯ ಪಕ್ಷದವರ ಕಥೆ ಇನ್ನೊಂದು ಬಗೆ. ಅವರು ರಾತ್ರಿ ಎರಡು ಗಂಟೆಗೆ ಡಬಲ್ ಬೆಡ್‌ಶೀಟು ಹಾಸಿ, ಅದರ ಮೇಲೆ ಕಬ್ಬಿಣದ ಇಸ್ತ್ರಿಪೆಟ್ಟಿಗೆ, ಮಗುವಿನ ಮಾರ್ಕ್ಸ್ ಕಾರ್ಡು, ಅರ್ಧ ಸೀಸೆ ಫಿನಾಯಿಲು ಒಟ್ಟಿಗೆ ಸುರಿದು ನಾಲ್ಕು ಮೂಲೆ ಸೇರಿಸಿ ಗಂಟು ಹಾಕುತ್ತಾರೆ.

ಬೆಂಗಳೂರಿನ ಬಾಡಿಗೆದಾರನಿಗೆ ತಾನೇ ದಿನ ಗೊತ್ತುಮಾಡುವ ಸ್ವಾತಂತ್ರ್ಯ ಅಷ್ಟಕ್ಕಷ್ಟೆ. ಅವನ ಬದುಕು ಹನ್ನೊಂದು ತಿಂಗಳ ಅಗ್ರಿಮೆಂಟಿನ ಮೇಲೆ ನಿಂತಿದೆ. 1908ರ ನೋಂದಣಿ ಕಾಯ್ದೆಯ ಪ್ರಕಾರ ಒಂದು ವರ್ಷ ಮೀರಿದ ಬಾಡಿಗೆ ಕರಾರನ್ನು ನೋಂದಾಯಿಸಲೇಬೇಕು. ಸಬ್‌ರಿಜಿಸ್ಟ್ರಾರ್ ಕಚೇರಿಯ ಮೆಟ್ಟಿಲು ತಪ್ಪಿಸಲು ನಮ್ಮ ಓನರುಗಳು ಹನ್ನೆರಡರಲ್ಲಿ ಒಂದು ಕಳೆದರು. ಇದರಲ್ಲೊಂದು ತಮಾಷೆಯಿದೆ. ಆಷಾಢ ಕಳೆಯಲಿ ಎಂದು ಕಾದು, ಶ್ರಾವಣ ಶುರುವಾದ ವಾರವೇ ಹಾಲುಕ್ಕಿಸಿ ಮನೆ ಸೇರಿದಿರಿ ಅನ್ನಿ. ಅಲ್ಲಿಂದ ಹನ್ನೊಂದು ತಿಂಗಳು ಎಣಿಸಿ. ನಡುವೆ ಅಧಿಕ ಮಾಸ ಬರದಿದ್ದರೆ ಕರಾರು ಮುಗಿಯುವುದು ಮುಂದಿನ ಆಷಾಢದಲ್ಲಿ! ಆಷಾಢಕ್ಕೆ ಹೆದರಿ ಬಂದವನನ್ನು ಅಗ್ರಿಮೆಂಟು ಕೈಹಿಡಿದು ಮತ್ತೆ ಆಷಾಢಕ್ಕೇ ತಂದು ನಿಲ್ಲಿಸುತ್ತದೆ. ಓನರ್ ಕೂಡ ಇದಕ್ಕೆ ಹೊರತಲ್ಲ. ಟು-ಲೆಟ್ ಬೋರ್ಡು ಹಾಕಿದರೂ ಆ ತಿಂಗಳು ಮನೆ ನೋಡಲು ಬರುವವರು ಕಡಿಮೆ ಎಂದು ಅವರಿಗೂ ಗೊತ್ತು. "ಇನ್ನೊಂದು ತಿಂಗಳು ಇರಿ, ಪರವಾಗಿಲ್ಲ" ಎಂದು ಆಗ ಅವರ ಬಾಯಿಂದ ಬರುವ ಮೃದು ಮಾತು ಅಡ್ವಾನ್ಸ್ ವಾಪಸ್ ಕೊಡುವ ದಿನ ಕೇಳಿಸುವುದಿಲ್ಲ. ಆ ದಿನದ ಮಾತೆಲ್ಲ ಪೇಂಟಿಂಗಿಗೆ ಎಷ್ಟು ಹಿಡಿದುಕೊಳ್ಳಬೇಕು ಅನ್ನುವುದರ ಸುತ್ತಲೇ.

ಕೆನಡಾದ ಕ್ವಿಬೆಕ್ ಪ್ರಾಂತ್ಯದವರು ದಿನ ಗೊತ್ತುಮಾಡುವ ಈ ತಲೆನೋವನ್ನು ಇನ್ನೊಂದು ತುದಿಯಿಂದ ಹಿಡಿದಿದ್ದಾರೆ. ಅಲ್ಲಿ ಬಾಡಿಗೆ ಕರಾರುಗಳಲ್ಲಿ ಬಹುಪಾಲು ಜೂನ್ 30ಕ್ಕೆ ಮುಗಿಯುತ್ತವೆ. ಜುಲೈ 1ರಂದು ಮಾಂಟ್ರಿಯಲ್ ನಗರದ ಬೀದಿಬೀದಿಯಲ್ಲೂ ಸೋಫಾ, ಮಂಚ, ಫ್ರಿಜ್ಜು. ಮೊದಲು ಮೇ 1 ಇದ್ದದ್ದನ್ನು, ಮಕ್ಕಳ ಶಾಲೆ ನಡುವೆ ತಪ್ಪಬಾರದೆಂದು 1970ರ ದಶಕದಲ್ಲಿ ಜುಲೈಗೆ ಸರಿಸಿದರಂತೆ. ಊರಿಗೆ ಊರೇ ಒಂದೇ ದಿನ ಮನೆ ಬದಲಿಸಿದರೆ ಲಾರಿಯವನ ಬಾಡಿಗೆ ಎಲ್ಲಿಗೆ ಏರಬಹುದು, ನೀವೇ ಯೋಚಿಸಿ. ಆಷಾಢದಲ್ಲಿ ಬೇಡ ಅನ್ನುವ ನಮ್ಮ ನೇಮಕ್ಕೆ ಕಾನೂನಿನ ಬಲ ಇಲ್ಲ. ಆದರೂ ಶ್ರಾವಣದ ಮೊದಲ ಭಾನುವಾರ ಟಾಟಾ ಏಸ್ ಹುಡುಕಿ ನೋಡಿ, ಮಾಂಟ್ರಿಯಲ್ ಇಲ್ಲಿಗೇ ಬಂದಂತಿರುತ್ತದೆ.

ಭಾನುವಾರವೇ ಯಾಕೆ ಅಂದರೆ ರಜೆ ಎನ್ನುವುದು ಅರ್ಧ ಉತ್ತರ. ಆ ದಿನ ರಾಹುಕಾಲ ಸಂಜೆ 4.30ರಿಂದ 6. ಬೆಳಗಿನ ಹೊತ್ತೆಲ್ಲ ನಿರಾತಂಕ. ಶನಿವಾರವಾದರೆ 9ರಿಂದ 10.30, ಸರಿಯಾಗಿ ಲೋಡಿಂಗ್ ಹುಡುಗರು ಬರುವ ಹೊತ್ತು. ಆದರೆ ನಮ್ಮ ಭಾನುವಾರದ ಲೆಕ್ಕ ಹೊರಡುವ ಹೊತ್ತಿಗೆ ಕಟ್ಟಿ ಮುಗಿದಿದ್ದರೆ ಮಾತ್ರ ನಡೆಯುತ್ತದೆ. ಕಡೆಯ ರಾತ್ರಿಯ ಪಕ್ಷದವರ ಮನೆಯಲ್ಲಿ ಹನ್ನೆರಡು ಗಂಟೆಯಾದರೂ ಅಡುಗೆಮನೆಯ ಕಪಾಟು ತುಂಬಿಯೇ ಇರುತ್ತದೆ. ಟೆಂಪೊ ಹೊರಡುವಾಗ ಮೂರೂವರೆ, ಹೊಸ ಮನೆಯ ತಿರುವಿಗೆ ಬರುವಾಗ 4.40. ಅಷ್ಟರಲ್ಲಿ ಅಜ್ಜಿಯ ಫೋನು: "ಆರು ಗಂಟೆವರೆಗೂ ಒಳಗೆ ಒಂದು ಚಮಚಾನೂ ಇಡಬೇಡ್ರೋ." ಬೀದಿಯ ಮೂಲೆಯಲ್ಲಿ ನಿಂತ ಟೆಂಪೊ ಮೇಲೆ ಮಂಚದ ಕಾಲುಗಳು ಆಕಾಶ ನೋಡುತ್ತಿರುತ್ತವೆ. ಡ್ರೈವರ್ ನಮ್ಮ ಲೆಕ್ಕದಲ್ಲಿ ಟೀ ಕುಡಿಯುತ್ತ ವೇಟಿಂಗ್ ಚಾರ್ಜು ಎಣಿಸುತ್ತಾನೆ.

ನನ್ನ ಅಭಿಪ್ರಾಯ ಕೇಳಿದರೆ, ಗಂಟು ಕಟ್ಟುವ ದಿನವನ್ನು ಗೊತ್ತುಮಾಡಬೇಕಾದದ್ದು ಪಂಚಾಂಗವೂ ಅಲ್ಲ, ಲಾರಿಯವನೂ ಅಲ್ಲ. ಒಲೆ. ಮನೆ ಸ್ಥಳಾಂತರದ ಗಡಿಯಾರ ಇರುವುದೇ ಅಡುಗೆಮನೆಯಲ್ಲಿ. ಮಿಕ್ಕ ಕೋಣೆಗಳನ್ನು ಯಾವಾಗ ಕಟ್ಟಿದರೂ ನಡೆಯುತ್ತದೆ. ಪುಸ್ತಕಗಳು ತಿಂಗಳ ಮೊದಲೇ ಪೆಟ್ಟಿಗೆ ಸೇರಿದರೆ ಯಾರೂ ಉಪವಾಸ ಬೀಳುವುದಿಲ್ಲ. (ಅವನ್ನು ಸಣ್ಣ ಪೆಟ್ಟಿಗೆಗಳಲ್ಲಿ ತುಂಬಿ. ದೊಡ್ಡ ಪೆಟ್ಟಿಗೆಯಲ್ಲಿ ತುಂಬಿದರೆ ಎತ್ತುವ ಹುಡುಗ ನಿಮ್ಮ ಸಾಹಿತ್ಯಾಭಿರುಚಿಯ ಬಗ್ಗೆ ಹೇಳುವ ಮಾತು ಕೇಳಲಾಗದು.) ಆದರೆ ಅಡುಗೆಮನೆಯ ಒಲೆ ಕಡೆಯ ಗಳಿಗೆಯವರೆಗೂ ಉರಿಯುತ್ತಿರಬೇಕು.

ಹಾಗಾಗಿ ಪ್ಯಾಕಿಂಗು ನಿಜವಾಗಿ ಶುರುವಾಗುವುದು ದಿನಸಿ ಚೀಟಿಯಿಂದ. ಹೋಗುವ ತಿಂಗಳು ಚೀಟಿ ಅರ್ಧಕ್ಕೆ ಇಳಿಯಬೇಕು. ಕಡೆಯ ವಾರವಂತೂ ಅಕ್ಕಿ ಬಿಟ್ಟರೆ ಏನನ್ನೂ ತರಬಾರದು. ಆಗ ಡಬ್ಬಗಳ ತಳ ಕಾಣಿಸತೊಡಗುತ್ತದೆ. ಯಾವ ಕಾಲದಲ್ಲೋ ತಂದ ಒಂದು ಪಾವು ಅಲಸಂದೆ, ಹಿಡಿ ಕಡಲೆಬೇಳೆ, ಎರಡು ಹಿಡಿ ಹೆಸರುಕಾಳು, ಮೊನ್ನೆಮೊನ್ನೆವರೆಗೂ ಕಳೆದುಹೋಗಿದೆ ಎಂದುಕೊಂಡಿದ್ದ ಮೆಂತ್ಯ. ಇವನ್ನೆಲ್ಲ ಅಕ್ಕಿಯ ಜೊತೆ ನೆನೆಹಾಕಿ, ಒಣಮೆಣಸಿನಕಾಯಿ, ಇಂಗು ಸೇರಿಸಿ ತರಿತರಿಯಾಗಿ ರುಬ್ಬಿ, ಕಾವಲಿಗೆ ದಪ್ಪಗೆ ಹಚ್ಚಿ ಅಂಚಿಗೆ ಎಣ್ಣೆ ಬಿಟ್ಟರೆ ಆಗುವ ದೋಸೆಗೆ ಯಾವ ಹೋಟೆಲಿನ ಹಲಗೆಯ ಮೇಲೂ ಹೆಸರಿಲ್ಲ. ಮನೆ ಬಿಡುವ ವಾರದ ರುಚಿ ಅದು. ಮತ್ತೆ ಬೇಕೆಂದರೆ ಮತ್ತೆ ಮನೆ ಖಾಲಿ ಮಾಡಬೇಕು.

ಫ್ರಿಜ್ಜಿಗೂ ಅದರದೇ ಸಮಯ ಇದೆ. ಹಿಂದಿನ ರಾತ್ರಿಯೇ ಸ್ವಿಚ್ ತೆಗೆದು, ಐಸು ಕರಗಿಸಿ, ಒರೆಸಿ ಬಾಗಿಲು ತೆರೆದಿಡಬೇಕು. ಸಾಗಿಸುವಾಗ ನಿಲ್ಲಿಸಿಯೇ ಒಯ್ಯಬೇಕು. ಮಲಗಿಸಿದರೆ ಕಂಪ್ರೆಸರಿನ ಎಣ್ಣೆ ಕೊಳವೆಗಳಿಗೆ ಇಳಿಯುತ್ತದೆ. ಹೊಸ ಜಾಗದಲ್ಲಿ ಇಟ್ಟ ಕೂಡಲೇ ಹಾಕದೆ ಕೆಲವು ಗಂಟೆ ಸುಮ್ಮನೆ ಬಿಡಬೇಕು. ಅಂದರೆ ಒಂದು ಹಗಲು, ಒಂದು ರಾತ್ರಿ ಮನೆಗೆ ಫ್ರಿಜ್ಜಿಲ್ಲ. ಉಳಿದ ಮೊಸರು, ಹಿಟ್ಟು, ಕಾಯಿತುರಿ ಎಲ್ಲ ಅದಕ್ಕೆ ಮೊದಲೇ ಮುಗಿಯಬೇಕು. ಬೇರೆ ಊರಿಗೆ ಹೋಗುವವರಿಗೆ ಗ್ಯಾಸಿನದು ಇನ್ನೊಂದು ಗಡುವು. ತುಂಬಿದ ಸಿಲಿಂಡರನ್ನು ಊರಿಂದೂರಿಗೆ ಹೋಗುವ ಲಾರಿಯವರು ಸಾಮಾನ್ಯವಾಗಿ ಹಾಕಿಕೊಳ್ಳುವುದಿಲ್ಲ. ಸಿಲಿಂಡರು, ರೆಗ್ಯುಲೇಟರು ಏಜೆನ್ಸಿಗೆ ಒಪ್ಪಿಸಿ, ಠೇವಣಿ ವಾಪಸ್ ಪಡೆದು, ಕಾಗದ ಹಿಡಿದುಕೊಂಡು ಹೋಗಬೇಕು. ಅಲ್ಲಿಗೆ ಒಲೆ ಆರಿತು. ಮಿಕ್ಕ ದಿನಗಳಿಗೆ ಇಂಡಕ್ಷನ್ ಒಲೆಯೊಂದೇ ಗತಿ.

ನಮ್ಮ ಚಿಕ್ಕಪ್ಪ ಬ್ಯಾಂಕಿನಲ್ಲಿದ್ದರು. ಹೊಸದುರ್ಗ, ಸಿಂಧನೂರು, ಶಿರಸಿ, ತಿಪಟೂರು ಎಂದು ಚಿಕ್ಕಮ್ಮ ಕರ್ನಾಟಕದ ಭೂಪಟವನ್ನು ಪಾತ್ರೆ ಸಮೇತ ಸುತ್ತಿದವರು. ವರ್ಗಾವಣೆ ಆದೇಶಕ್ಕೆ ಮುಹೂರ್ತವೂ ಇಲ್ಲ, ನೋಟಿಸೂ ಇಲ್ಲ. ಅವರ ಬಳಿ ಚಹಾ ತೋಟದಿಂದ ಬರುವ ಪ್ಲೈವುಡ್ ಪೆಟ್ಟಿಗೆಗಳಿದ್ದವು, ಅಂಚಿಗೆ ತಗಡು ಬಡಿದವು. ಊರು ಸೇರಿದ ಮೇಲೆ ಆ ಪೆಟ್ಟಿಗೆಗಳನ್ನೇ ಮಗುಚಿ, ಮೇಲೊಂದು ಕಸೂತಿ ಬಟ್ಟೆ ಹಾಸಿ, ಟೀಪಾಯಿ ಮಾಡಿಬಿಡುತ್ತಿದ್ದರು. ಬಂದವರು ಕಾಫಿ ಲೋಟ ಇಡುತ್ತಿದ್ದದ್ದು ಮುಂದಿನ ವರ್ಗಾವಣೆಯ ಮೇಲೆ. ಪಾತ್ರೆ ತುಂಬುವುದರಲ್ಲಿ ಅವರಿಗೊಂದು ಶಿಸ್ತಿತ್ತು. ಕೊಳದಪ್ಪಲೆಯೊಳಗೆ ಪಾತ್ರೆ, ಪಾತ್ರೆಯೊಳಗೆ ಡಬರಿ, ಡಬರಿಯೊಳಗೆ ಲೋಟ, ಲೋಟದೊಳಗೆ ಚಮಚ. ಸಂದಿಗೆಲ್ಲ ಹಳೇ ಪಂಚೆಯ ತುಂಡು. ಬೇಳೆ ಡಬ್ಬಗಳನ್ನು ಬರಿದು ಮಾಡುತ್ತಿರಲಿಲ್ಲ, ಮುಚ್ಚಳಕ್ಕೆ ಬಟ್ಟೆ ಬಿಗಿದು ಹಾಗೆಯೇ ಕೂರಿಸುತ್ತಿದ್ದರು. ಲಾರಿಗೆ ಕೊಡದೆ ಇದ್ದದ್ದು ಒಂದೇ, ಉಪ್ಪಿನಕಾಯಿ ಜಾಡಿ. ಬಿಳಿ ಮೈಗೆ ಕಂದು ಕತ್ತಿನ ಆ ಜಾಡಿಯ ಬಾಯಿಗೆ ಮಲ್ಲುಬಟ್ಟೆ ಕಟ್ಟಿ, ಮಡಿಲಲ್ಲಿಟ್ಟುಕೊಂಡು ಬಸ್ಸಿನಲ್ಲಿ ಕೂರುತ್ತಿದ್ದರು. ಚಿಕ್ಕಪ್ಪನ ಸರ್ವೀಸ್ ರಿಜಿಸ್ಟರ್ ಲಾರಿಯ ಪೆಟ್ಟಿಗೆಯಲ್ಲಿ ಹೋಗುತ್ತಿತ್ತು.

ಈಗ ಪ್ಯಾಕರ್ಸ್ ಕಂಪನಿಯವರು ಬರುತ್ತಾರೆ. ನಾಲ್ಕು ಹುಡುಗರು, ಮಡಚಿದ ರಟ್ಟಿನ ಡಬ್ಬಗಳು, ಬಬಲ್ ರ್‍ಯಾಪು, ಕಿರ್ರೆಂದು ಕಿತ್ತುಬರುವ ಟೇಪು. "ನೀವೇನೂ ಮುಟ್ಟಬೇಡಿ ಅಂಕಲ್" ಅನ್ನುತ್ತಾರೆ. ಅವರ ಕೈಚಳಕಕ್ಕೆ ನನ್ನ ನಮಸ್ಕಾರ. ಆದರೆ ಅವರು ಕಟ್ಟುವುದು ಕಣ್ಣಿಗೆ ಬಿದ್ದದ್ದನ್ನೆಲ್ಲ. ಕಸದ ಬುಟ್ಟಿಯನ್ನು ಕಸದ ಸಮೇತ ಬಬಲ್ ರ್‍ಯಾಪಿನಲ್ಲಿ ಸುತ್ತಿ ಹೊಸ ಮನೆಗೆ ತಲುಪಿಸಿದ ಪ್ರಸಂಗಗಳು ಎಷ್ಟೋ ಮನೆಗಳಲ್ಲಿ ನಡೆದಿವೆ. ಯಾವುದು ಬೇಕು, ಯಾವುದು ಬೇಡ ಅನ್ನುವುದನ್ನು ಅವರು ಬರುವ ಮೊದಲೇ ನಾವು ತೀರ್ಮಾನಿಸಿರಬೇಕು. ಅದಕ್ಕೆ ಬೇಕಾದ ವಾರಗಳನ್ನು ಯಾವ ಪ್ಯಾಕೇಜೂ ಕೊಡುವುದಿಲ್ಲ. ಅಪಾರ್ಟ್‌ಮೆಂಟಾದರೆ ಅಸೋಸಿಯೇಷನ್ನಿನವರ ಅನುಮತಿ ಚೀಟಿ, ಸರ್ವೀಸ್ ಲಿಫ್ಟಿನ ಸಮಯ ಬೇರೆ.

ಸಾಮಾನು ಸುತ್ತುವುದರಲ್ಲಿ ನಿಜವಾದ ಪಂಡಿತರು ಬೇಕೆಂದರೆ ದಸರಾ ಗೊಂಬೆ ಕೂರಿಸುವ ಮನೆಗೆ ಹೋಗಿ. ವರ್ಷಕ್ಕೊಮ್ಮೆ ಪಟ್ಟದ ಗೊಂಬೆ, ಮೂಗಿನ ತುದಿ ಚೂರೂ ಮುಕ್ಕಾಗದ ಮಣ್ಣಿನ ಶೆಟ್ಟಿ ದಂಪತಿಗಳನ್ನು ಇಳಿಸಿ, ಮೆತ್ತನೆ ಹಳೇ ಸೀರೆಯಲ್ಲಿ ಸುತ್ತಿ, ಟ್ರಂಕಿಗೆ ಹಾಕಿ ಅಟ್ಟಕ್ಕೇರಿಸುವ ಕೈಗಳು ಅವು. ಮೊದಲು ಕೂರಿಸಬೇಕಾದ ಪಟ್ಟದ ಗೊಂಬೆ ಟ್ರಂಕಿನಲ್ಲಿ ಎಲ್ಲಕ್ಕಿಂತ ಮೇಲಿರಬೇಕು, ಅಂದರೆ ಕಡೆಯಲ್ಲಿ ಒಳಗೆ ಹೋಗಬೇಕು ಎಂದು ಆ ಮನೆಯ ಹೆಂಗಸರಿಗೆ ಯಾರೂ ಹೇಳಿಕೊಡಬೇಕಿಲ್ಲ.

ಮನೆಗೂ ಅದೇ ಕ್ರಮ. ಅಲ್ಲಿ ಮೊದಲು ಬಿಚ್ಚುವುದು ಇಲ್ಲಿ ಕಡೆಗೆ ಕಟ್ಟಿದ್ದಾಗಿರಬೇಕು. ಹೊಸ ಮನೆಯ ಮೊದಲ ಕೆಲಸ ಏನೆಂಬುದು ನಮಗೆಲ್ಲ ಗೊತ್ತೇ ಇದೆ, ಹಾಲುಕ್ಕಿಸುವುದು. ಬುದ್ಧಿವಂತರು ಇದನ್ನು ಸಾಮಾನು ಸಾಗಿಸುವ ದಿನದಿಂದಲೇ ಬಿಡಿಸಿಬಿಟ್ಟಿದ್ದಾರೆ. ಆಷಾಢ ಬರುವ ಮೊದಲೇ ಒಂದು ಒಳ್ಳೇ ದಿನ ಒಂದೊಲೆ, ಒಂದು ಪಾತ್ರೆ ಒಯ್ದು ಹಾಲುಕ್ಕಿಸಿ, ದೇವರ ಪಟ ಇಟ್ಟು ಬಂದುಬಿಡುತ್ತಾರೆ. "ಪ್ರವೇಶ ಆಗಿದೆ, ಇನ್ನು ಸಾಮಾನು ಯಾವಾಗ ಹೋದರೇನು" ಎಂದು ಬಾಡಿಗೆ ಇಳಿದ ಆಷಾಢದ ಬುಧವಾರ ಟೆಂಪೊ ಕರೆಸುತ್ತಾರೆ. ಪಂಚಾಂಗಕ್ಕೂ ಮರ್ಯಾದೆ, ಜೇಬಿಗೂ ಮರ್ಯಾದೆ.

ಒಂದೇ ದಿನ ಎರಡನ್ನೂ ಮಾಡುವವರು ಒಂದು ಪ್ಲಾಸ್ಟಿಕ್ ಬಕೆಟ್ಟು ಬೇರೆಯಾಗಿಟ್ಟು, ಟೆಂಪೊಗೆ ಹಾಕದೆ ಕಾಲ ಬುಡದಲ್ಲಿಟ್ಟುಕೊಂಡು ಹೋಗಲಿ. ಹಾಲಿನ ಪಾತ್ರೆ, ಅರ್ಧ ಲೀಟರ್ ಪ್ಯಾಕೆಟ್ಟು, ಸಕ್ಕರೆ, ನಾಲ್ಕು ಲೋಟ, ಇಕ್ಕಳ, ದೀಪ, ಬತ್ತಿ, ಎಣ್ಣೆ, ಅರಿಶಿನ ಕುಂಕುಮ, ಮಗುವಿನ ಜ್ವರದ ಔಷಧಿ, ಮೊಬೈಲ್ ಚಾರ್ಜರು, ಒಂದು ಚಾಕು. ಬೆಂಕಿಪೊಟ್ಟಣ ಎರಡಿರಲಿ, ಉಪ್ಪಿನ ಪೊಟ್ಟಣವಂತೂ ಇದ್ದೇ ಇರಲಿ. ಬೇರೆ ಏನು ಮರೆತರೂ ಅಂಗಡಿಯಲ್ಲಿ ಸಿಗುತ್ತದೆ, ಇಲ್ಲವೇ ಪಕ್ಕದ ಮನೆಯವರು ನಗುತ್ತಾ ಕೊಡುತ್ತಾರೆ. ದೀಪ ಹಚ್ಚಿದ ಮೇಲೆ ಬಾಗಿಲು ತಟ್ಟಿ ಉಪ್ಪು ಕೇಳಿದರೆ, ಮೊದಲ ದಿನವೇ ಅವರ ಮುಖ ಯಾಕೆ ಹಾಗಾಯಿತು ಎಂದು ವರ್ಷವಿಡೀ ಯೋಚಿಸಬೇಕಾಗುತ್ತದೆ. ವರ್ಷ ಅಂದೆ, ಹನ್ನೊಂದು ತಿಂಗಳು.