ನನ್ನ ಕೂಲಿ ಎಲ್ಲಿ?

"ಹೇಗೂ ಮನೇಲೇ ಇರ್ತೀಯ, ಹೊತ್ತು ಹೋಗುತ್ತೆ, ಮಾಡು" ಎಂದು ನಮ್ಮವರು ಹೇಳಿದ ಮೇಲೆ ಶುರುವಾದದ್ದು ನನ್ನ ಹಪ್ಪಳದ ಉದ್ಯೋಗ. ಹಿತ್ತಿಲ ಜಗಲಿ, ಮೂರು ಮಣೆ, ಮೂರು ಲಟ್ಟಣಿಗೆ, ಜೊತೆಗೆ ನಮ್ಮ ಬೀದಿಯ ಇಬ್ಬರು ಹೆಂಗಸರು. ನಾಲ್ಕು ಅಂಗಡಿಯವರು ಕೇಳಿ ಕೊಂಡಾಗ ನನಗೋ ಹಿಗ್ಗೋ ಹಿಗ್ಗು!

ಎರಡು ವರ್ಷ ಕಳೆದರೂ ಕೈಯಲ್ಲಿ ಕಾಸು ನಿಲ್ಲಲಿಲ್ಲ. ಹಪ್ಪಳದ ಹಣವೂ ಮನೆಯ ಹಣವೂ ಒಂದೇ ಡಬ್ಬಿಯಲ್ಲಿ. ಹಾಲಿನವನಿಗೂ ಅದರಿಂದಲೇ, ಉದ್ದಿಗೂ ಅದರಿಂದಲೇ. ಒಂದು ರಾತ್ರಿ ಮಗಳು ನೋಟ್‌ಬುಕ್ ತಂದು, "ಅಮ್ಮಾ, ಲೆಕ್ಕ ಹೇಳು, ಬರೀತೀನಿ" ಅಂದಳು. ಕಿಲೋ ಹಪ್ಪಳ ಮಾರುವುದು 220 ರೂಪಾಯಿಗೆ. ಉದ್ದು, ಮೆಣಸು, ಇಂಗು, ಎಣ್ಣೆ, ಕವರು ಎಲ್ಲ ಸೇರಿ 165. ಲಟ್ಟಿಸುವವರ ಕೂಲಿ 45. ಉಳಿದದ್ದು 10. "ನಿನ್ನ ಕೂಲಿ ಎಲ್ಲಮ್ಮಾ?" ಎಂದಳು. ನನ್ನ ಬಾಯಿ ಕಟ್ಟಿಹೋಯಿತು. ಬೆಳಗಿನ ಜಾವ ಎದ್ದು ಹಿಟ್ಟು ಕುಟ್ಟುವ ರಟ್ಟೆಗೆ ನಾನೇ ಬೆಲೆ ಕಟ್ಟಿರಲಿಲ್ಲ!

1959ರ ಮಾರ್ಚ್ 15ರಂದು ಮುಂಬೈಯ ಗಿರ್ಗಾಂವ್‌ನಲ್ಲಿ ಏಳು ಗೃಹಿಣಿಯರು 80 ರೂಪಾಯಿ ಸಾಲ ತಂದು, ತಾರಸಿಯ ಮೇಲೆ ಹಪ್ಪಳ ಮಾಡಲು ಕುಳಿತರು. ಅದೇ ಲಿಜ್ಜತ್ ಸಂಸ್ಥೆಯ ಆರಂಭ. ನಷ್ಟವಾದರೂ ಯಾರಲ್ಲೂ ದಾನ ಬೇಡುವುದಿಲ್ಲವೆಂದು ಅವರು ನಿಶ್ಚಯಿಸಿದ್ದರು. ನಾನೋ, ಸ್ವಲ್ಪ ಕಡಿಮೆಯಾದರೆ ಸಾಕು, ಯಜಮಾನರ ಸಂಬಳದ ಕಡೆ ನೋಡುತ್ತಿದ್ದೆ. ಅವರದು ಉದ್ಯೋಗ, ನನ್ನದು ಹೊತ್ತು ಕಳೆಯುವ ಕೆಲಸ. ಕೊರತೆ ಇದ್ದದ್ದು ಬಂಡವಾಳದಲ್ಲಲ್ಲ, ನನ್ನ ಮನಸ್ಸಿನಲ್ಲಿ.

ಮರುದಿನವೇ ಹಪ್ಪಳಕ್ಕೆಂದು ಬೇರೆ ಡಬ್ಬಿ ಇಟ್ಟೆ. ಕಿಲೋಗೆ 20 ರೂಪಾಯಿ ನನ್ನ ಕೂಲಿ ಎಂದು ಬರೆದು, ಬೆಲೆಯನ್ನು 250 ಮಾಡಿದೆ. "ಅಕ್ಕಾ, ಬೇರೆ ಕಡೆ ಅಗ್ಗಕ್ಕೆ ಸಿಗುತ್ತೆ" ಎಂದು ಒಬ್ಬ ಅಂಗಡಿಯವರು ಬಿಟ್ಟೇಬಿಟ್ಟರು. ಆ ರಾತ್ರಿ ನಿದ್ದೆ ಬರಲಿಲ್ಲ. ಸಾಲದ್ದಕ್ಕೆ ಆಷಾಢದ ಮಳೆಗೆ ಎಂಟು ಕಿಲೋ ಹಪ್ಪಳಕ್ಕೆ ಬೂಷ್ಟು ಹಿಡಿಯಿತು. "ಒರೆಸಿ ಬಿಸಿಲಿಗೆ ಹಾಕ್ರೀ, ಯಾರಿಗೆ ಗೊತ್ತಾಗುತ್ತೆ?" ಎಂದರು ಪಕ್ಕದ ಮನೆಯವರು. ಕರುಳು ಚುರುಕ್ ಎಂದರೂ ಅಷ್ಟನ್ನೂ ತಿಪ್ಪೆಗೆ ಸುರಿದು, ನಷ್ಟವೆಂದು ಪುಸ್ತಕದಲ್ಲಿ ಬರೆದೆ. ಈಗ ಬೇಸಿಗೆಯಲ್ಲೇ ಹೆಚ್ಚು ಮಾಡಿ, ಚೆನ್ನಾಗಿ ಒಣಗಿಸಿ, ಡಬ್ಬಗಳಲ್ಲಿ ಭದ್ರವಾಗಿ ಇಡುತ್ತೇವೆ.

ಬಿಟ್ಟುಹೋದ ಅಂಗಡಿಯವರು ಮತ್ತೆ ಬರಲಿಲ್ಲ. ಬೇರೆ ಇಬ್ಬರು ಬಂದಿದ್ದಾರೆ. ಎಲ್ಲರ ಕೂಲಿ ಕಳೆದು ಕಿಲೋಗೆ 20 ರೂಪಾಯಿ ಉಳಿಯುತ್ತಿದೆ. ಸೋದರಿಯರೇ, ನೀವೂ ಉಪ್ಪಿನಕಾಯಿಯೋ, ಸಂಡಿಗೆಯೋ ಮಾಡಿ ಮಾರುವವರಾದರೆ ಪುಸ್ತಕದ ಮೊದಲ ಸಾಲಿನಲ್ಲಿ ನಿಮ್ಮ ಕೂಲಿಯನ್ನೇ ಬರೆಯಿರಿ.

ಮೊನ್ನೆ ತಿಂಗಳ ಕೊನೆಗೆ ನಮ್ಮವರು ಮೆಲ್ಲಗೆ ಬಂದು ಕೇಳಿದರು: "ಏನೇ, ನಿನ್ನ ಡಬ್ಬೀಲಿ ಐನೂರು ರೂಪಾಯಿ ಸಾಲ ಸಿಗುತ್ತಾ?"

ಕೊಟ್ಟೆ. ಪುಸ್ತಕದಲ್ಲಿ ಬರೆದೇ ಕೊಟ್ಟೆ!