ಕುಕ್ಕರಹಳ್ಳಿ ಕೆರೆ ಸುತ್ತಿದ ಮೇಲೆ ನಮ್ಮೂರ ಏರಿ ಬಗ್ಗೆ ನಾಲ್ಕು ಮಾತು

ಈ ಸಲ ಬೆಳೆ ವಿಚಾರ ಅಲ್ಲ, ಕೆರೆ ವಿಚಾರ. ಸ್ವಲ್ಪ ಉದ್ದ ಇದೆ. ಸಂಜೆ ದನ ಕಟ್ಟಿ ಆದ್ಮೇಲೆ ಪುರುಸೊತ್ತಲ್ಲಿ ಓದಿ.

ನಮ್ಮನೆಯವಳಿಗೆ ಎರಡು ವರ್ಷದಿಂದ ಮಂಡಿ ನೋವು. ಡಾಕ್ಟ್ರು ಮಾತ್ರೆ ಬರೆದುಕೊಟ್ಟು, ದಿನಾ ಸಮನಾಗಿರೋ ಜಾಗದಲ್ಲಿ ಅರ್ಧ ಗಂಟೆ ನಡೀಬೇಕಮ್ಮ ಅಂದ್ರು. "ದಿನವೆಲ್ಲಾ ಹೊಲದಲ್ಲೇ ನಡೀತೀನಲ್ಲ ಸಾರ್" ಅಂದ್ಳು. ಅದಕ್ಕವರು, "ಅದು ನಡಿಗೆ ಅಲ್ಲಮ್ಮ. ಬಗ್ಗೋದು, ಹೊರೋದು, ಕುಕ್ಕರಗಾಲಲ್ಲಿ ಕೂತು ಕಳೆ ಕೀಳೋದು. ಕೈಯಲ್ಲಿ ಏನೂ ಇಲ್ಲದೆ, ನೆಟ್ಟಗೆ ನಿಂತು ನಡೀರಿ" ಅಂದ್ರು. ನಮ್ಮೂರಲ್ಲಿ ಸಮನಾಗಿರೋ ಜಾಗ ಅಂದ್ರೆ ಟಾರ್ ರೋಡು ಒಂದೇ. ಅಲ್ಲಿ ಕಬ್ಬಿನ ಲಾರಿ, ಬೈಕು. ಹೆಂಗಸರು ನಡೀತಿದ್ರೆ ಜನ ನಗ್ತಾರೆ ಬೇರೆ.

ಸಂಕ್ರಾಂತಿ ಕಳೆದು ಭತ್ತ ಮನೆಗೆ ಬಂದಮೇಲೆ ಮೈಸೂರಲ್ಲಿ ಮಗಳ ಮನೇಲಿ ಹದಿನೈದು ದಿನ ಇದ್ವಿ. ಅವರಿರೋದು ಸರಸ್ವತಿಪುರಂ, ಅಲ್ಲಿಗೆ ಕುಕ್ಕರಹಳ್ಳಿ ಕೆರೆ ಹತ್ತಿರ. ದಿನಾ ಬೆಳಗ್ಗೆ ಗಂಡ ಹೆಂಡ್ತಿ ಹೋಗಿ ಬರ್ತಿದ್ವಿ. ಮೊದಲ ದಿನ ಏರಿ ಮೇಲೆ ಒಂದಿಷ್ಟು ದೂರ ಹೋಗಿ ಕೂತ್ಲು. ಕೊನೆ ಕೊನೆಗೆ ಪೂರ್ತಿ ಒಂದು ಸುತ್ತು ಬಂದ್ಲು, ಅಲ್ಲಲ್ಲಿ ಕೂತು ಎದ್ದು ಒಂದೂವರೆ ಗಂಟೆ ಆಯ್ತು. ನೋವು ಪೂರ್ತಿ ಹೋಯ್ತು ಅಂತ ಸುಳ್ಳು ಹೇಳಲ್ಲ. ಆದ್ರೆ ರಾತ್ರಿ ನರಳಾಟ ಕಡಿಮೆ ಆಯ್ತು.

ಮಂಡಿ ನೋವಿದ್ದೋರು ಅಲ್ಲಿ ಅಷ್ಟು ಸಲೀಸಾಗಿ ಹೇಗೆ ನಡೀತಾರೆ ಅಂತ ನೋಡ್ತಾ ನೋಡ್ತಾ ನನಗೆ ಹೊಳೀತು. ಅದು ಪಾರ್ಕಿಗೆ ಅಂತ ಮಾಡಿದ ದಾರಿ ಅಲ್ಲ, ಕೆರೆ ಮಾಡಿಕೊಟ್ಟ ದಾರಿ. ಏರಿ ನೆತ್ತಿ ಒಂದೇ ಮಟ್ಟ ಇರಲೇಬೇಕು. ಒಂದು ಕಡೆ ತಗ್ಗಿದ್ರೆ ತುಂಬಿದಾಗ ನೀರು ಅಲ್ಲೇ ಹಾರಿ ಏರಿ ಒಡೆಯುತ್ತೆ. ಹಿಂಬದಿಯ ದಾರಿನೂ ಹಾಗೇ, ನೀರಿನ ಅಂಚು ಹಿಡ್ಕೊಂಡು ಹೋಗುತ್ತೆ. ನೀರಿಗಿಂತ ಸಮನಾದ್ದು ಯಾವುದಿದೆ? ಅದರ ಪಕ್ಕ ನಡೆಯೋ ಕಾಲಿಗೂ ಹತ್ತೋದು ಇಳಿಯೋದು ಇರಲ್ಲ. ನಾವು ಗದ್ದೆಗೆ ಮಟ್ಟ ನೋಡಿ ಬದು ಹಾಕಲ್ವಾ, ಅದೇ ಲೆಕ್ಕ.

ಈ ಕೆರೆ ಕಟ್ಟಿಸಿದ್ದು ಮುಮ್ಮಡಿ ಕೃಷ್ಣರಾಜ ಒಡೆಯರು, 1864ರಲ್ಲಿ. ವಾಕಿಂಗಿಗೆ ಅಂತ ಅಲ್ಲ. ಊರಾಚೆಯ ಹೊಲಗದ್ದೆಗೆ ನೀರು ಬೇಕು ಅಂತ. ದಿವಾನ್ ಪೂರ್ಣಯ್ಯನವರ ಹೆಸರಿನ ಪೂರ್ಣಯ್ಯ ನಾಲೆಯಲ್ಲಿ ಮಳೆ ನೀರು ಹರಿದು ಬಂದು ಕೆರೆ ಸೇರ್ತಿತ್ತು. ಆಮೇಲೆ ಊರು ಬೆಳೀತು, ನಾಲೆ ಅಲ್ಲಲ್ಲಿ ಮುಚ್ಚಿಹೋಯ್ತು, ಅಚ್ಚುಕಟ್ಟಿನ ಮೇಲೆ ಮನೆ ಎದ್ವು. ಸುತ್ತಲ ಜಾಗ ಮೈಸೂರು ವಿಶ್ವವಿದ್ಯಾನಿಲಯದ್ದು. ಕುವೆಂಪು ಅವರು ಕನಸು ಕಂಡು ಹೆಸರಿಟ್ಟ ಮಾನಸಗಂಗೋತ್ರಿ ಅದರ ಪಕ್ಕದಲ್ಲೇ ಇದೆ. ಅವರೂ ಇದೇ ದಂಡೆ ಮೇಲೆ ತಿರುಗಾಡಿದವರು.

ಕೆರೆ ದಂಡೆಯಿಂದ ಚಾಮುಂಡಿ ಬೆಟ್ಟ ಕಾಣುತ್ತೆ. ನೀರಿನ ನಡುವೆ ನಡುಗಡ್ಡೆ, ಅದರ ಮರದ ತುಂಬ ಹಕ್ಕಿ. ಹೆಜ್ಜಾರ್ಲೆ, ನೀರುಕಾಗೆ, ಬಣ್ಣದ ಕೊಕ್ಕರೆ, ಈಟಿ ಥರ ಕತ್ತು ಚಾಚಿ ಈಜೋ ಹಾವಕ್ಕಿ. ಹಿಂಬದಿ ದಾರಿ ಪೂರ್ತಿ ಮರದ ನೆರಳು. ಬಿದ್ದ ಎಲೆ ಬಿದ್ದಲ್ಲೇ ಕೊಳೆತು ಮಣ್ಣು ಮೆತ್ತಗಿದೆ, ಟಾರ್ ರೋಡಿನ ಥರ ಮಂಡಿಗೆ ಕುಟ್ಟಲ್ಲ. "ರೀ, ನಮ್ಮ ತೋಟದಲ್ಲಿ ಗರಿ ಗುಡಿಸಿ ಬೆಂಕಿ ಹಾಕ್ತಾರಲ್ಲ ಆಳುಗಳು, ಅವರನ್ನ ಒಂದ್ಸಲ ಇಲ್ಲಿ ಕರ್ಕೊಂಡು ಬನ್ನಿ" ಅಂದ್ಳು ನಮ್ಮನೆಯವಳು.

ಈಗ ಮುಖ್ಯ ವಿಷಯಕ್ಕೆ ಬರ್ತೀನಿ. ಗದ್ದೆ ಇಲ್ಲದ ಕೆರೆ ಉಳಿಯೋದು ಕಷ್ಟ. ಮೈಸೂರು, ಬೆಂಗಳೂರಲ್ಲಿ ಅಂಥ ಎಷ್ಟೋ ಕೆರೆ ಸೈಟಾಗಿವೆ, ಬಸ್‌ಸ್ಟ್ಯಾಂಡ್ ಆಗಿವೆ. ಇದು ಯಾಕೆ ಉಳೀತು? ವಿಶ್ವವಿದ್ಯಾನಿಲಯದ ಜಾಗ ಅನ್ನೋದು ಒಂದು. ನನ್ನ ಕಣ್ಣಿಗೆ ಕಂಡ ಇನ್ನೊಂದು ಕಾರಣ ದಿನಾ ನಡೆಯೋ ಜನ. ಚರಂಡಿ ನೀರು ಸೇರಿ ಕೆರೆ ಕೆಟ್ಟಾಗ ದನಿ ಎತ್ತಿದವರಲ್ಲಿ ಈ ನಡೆಯೋರೂ ಇದ್ದರು. ದಿನಾ ನೋಡೋನಿಗೆ ನಿನ್ನೆಗೂ ಇವತ್ತಿಗೂ ವ್ಯತ್ಯಾಸ ಗೊತ್ತಾಗುತ್ತೆ. ನೋಡದೆ ಇರೋನಿಗೆ ಏರಿ ಒಡೆದ ಮೇಲೇ ಗೊತ್ತಾಗೋದು.

ನಮ್ಮ ಹಿರಿಯರು ಇದಕ್ಕೆ ಅಂತಲೇ ಒಬ್ಬನನ್ನ ಇಟ್ಟಿದ್ರು, ನೀರಗಂಟಿ. ತೂಬು ಎತ್ತೋದು, ನೀರು ಹಂಚೋದು ಮಾತ್ರ ಅವನ ಕೆಲಸ ಅಲ್ಲ. ಮಳೆಗಾಲದಲ್ಲಿ ದಿನಾ ಏರಿ ಮೇಲೆ ಈ ತುದಿಯಿಂದ ಆ ತುದಿಗೆ ನಡೆದು ನೋಡೋದೂ ಅವನದೇ. ಅವನಿಗೆ ಊರವರು ಕಣದಲ್ಲಿ ಭತ್ತ ಅಳೆದು ಕೊಡ್ತಿದ್ರು. ಬೋರ್‌ವೆಲ್ ಬಂತು, ನೀರಗಂಟಿ ಹೋದ, ಏರಿ ಮೇಲೆ ಲಾಂಟಾನ ಮತ್ತೆ ಜಾಲಿ ಬಂದ್ವು.

ಹೋದ ವರ್ಷ ಹಿಂಗಾರಲ್ಲಿ ಏನಾಯ್ತು ಅಂತ ನಿಮಗೆಲ್ಲ ನೆನಪಿದೆ. ಏರಿ ಹಿಂಬದಿ ಬುಡದಲ್ಲಿ ನೀರು ಜಿನುಗ್ತಿದ್ದದ್ದು ಮೊದಲು ಕಂಡಿದ್ದು ಕುರಿ ಮೇಯಿಸೋ ಹುಡುಗನಿಗೆ. ಎಷ್ಟು ದಿನದಿಂದ ಜಿನುಗ್ತಿತ್ತೋ ಹೇಳೋರೇ ಇರಲಿಲ್ಲ, ಯಾಕಂದ್ರೆ ಮುಳ್ಳು ದಾಟಿ ಅಲ್ಲಿಗೆ ಯಾರೂ ಹೋಗ್ತಿರಲಿಲ್ಲ. ನೀರು ತಿಳಿಯಾಗಿತ್ತು, ಬಚಾವಾದ್ವಿ. ಮಣ್ಣು ಕಲಸ್ಕೊಂಡು ಬರ್ತಿದ್ರೆ ಏರಿ ಒಳಗಿಂದ ಕೊರೀತಿದೆ ಅಂತ ಅರ್ಥ, ಆಗ ಮರಳು ಚೀಲ ಹೊರೋಕೂ ಟೈಮ್ ಇರಲ್ಲ. ಆ ಕೆರೆ ಕೆಳಗೆ ನನ್ನದು ಎರಡೂಕಾಲು ಎಕರೆ ಇದೆ. ಈ ಬರಹ ಓದ್ತಿರೋ ಎಷ್ಟೋ ಜನರದ್ದೂ ಇದೆ. ಮಾರಮ್ಮನ ಬೀದಿ ಮನೆಗಳೂ ಇವೆ.

ಅದಕ್ಕೇ ಕೇಳ್ತಿರೋದು. ಮುಂಗಾರು ಶುರುವಾಗೋ ಮೊದಲು ತೂಬಿನಿಂದ ಕೋಡಿವರೆಗೆ ಏರಿ ಮೇಲೆ ಇಬ್ಬರು ಜೊತೆಯಾಗಿ ನಡೆಯೋಷ್ಟು ಅಗಲ ದಾರಿ ಬಿಡಿಸೋಣ. ಟೈಲ್ಸ್ ಬೇಡ, ಲೈಟ್ ಬೇಡ, ಟೆಂಡರ್ ಬೇಡ. ಮಚ್ಚು, ಕುಡುಗೋಲು, ಹತ್ತು ಆಳು ಸಾಕು. ಆದ್ರೆ ಒಂದು ಎಚ್ಚರ. ಪೊದೆ, ಮುಳ್ಳು ಮಾತ್ರ ಸವರೋದು. ದೊಡ್ಡ ಮರದ ಬೇರು ಕೀಳೋಕೆ ಹೋಗ್ಬೇಡಿ, ಜೆಸಿಬಿ ಅಂತೂ ಏರಿ ಹತ್ತಿಸಲೇಬೇಡಿ. ಬೇರು ಕಿತ್ತ ಜಾಗ, ಬೇರು ಕೊಳೆತ ಜಾಗ ಎರಡೂ ನೀರಿಗೆ ದಾರಿ. ಅಂಥ ಮರಕ್ಕೆ ಏನು ಮಾಡ್ಬೇಕು ಅಂತ ಇಂಜಿನಿಯರ್ ಬಂದು ನೋಡಿ ಹೇಳಲಿ.

ದಾರಿ ಆದಮೇಲೆ ನಡೆಯೋರು ನೋಡ್ಬೇಕಾದ್ದು ಇಷ್ಟೇ. ಹಿಂಬದಿ ಇಳಿಜಾರಿನಲ್ಲಿ ಒಂದೇ ಕಡೆ ಹುಲ್ಲು ಹಸಿರಾಗಿದ್ಯಾ, ನೆಲ ಒದ್ದೆ ಇದ್ಯಾ. ಇಲಿ, ಹೆಗ್ಗಣ, ಏಡಿ ಬಿಲ ಹೊಸದಾಗಿ ಎದ್ದಿದ್ಯಾ. ಹುತ್ತ ಬೆಳೀತಿದ್ಯಾ. ದನ ಹತ್ತಿ ಇಳಿದು ಏರಿ ನೆತ್ತಿ ತಗ್ಗಾಗಿದ್ಯಾ. ಕೋಡಿಗೆ ಕಸ ಕಟ್ಟಿದ್ಯಾ. ಏನಾದ್ರೂ ಕಂಡ್ರೆ ಫೋಟೋ ತೆಗೆದು ಊರಿನ ಗ್ರೂಪಿಗೆ ಹಾಕಿ. ಪಂಚಾಯ್ತಿಗೆ ಮುಟ್ಟಿಸೋದು ನನ್ನ ಜವಾಬ್ದಾರಿ.

ಹೆಣ್ಣುಮಕ್ಕಳಿಗೆ ಬೆಳಗ್ಗೆ ಒಂದು ಗಂಟೆ ಏರಿ ಬಿಟ್ಟುಕೊಡೋಣ. ಮಂಡಿ ನೋವು, ಶುಗರ್ರು, ಬಿಪಿ ಇಲ್ಲದ ಮನೆ ಯಾವುದಿದೆ ಹೇಳಿ ನಮ್ಮೂರಲ್ಲಿ? ಅವರ ಕಾಲಿಗೆ ಮದ್ದು, ನಮ್ಮ ಕೆರೆಗೆ ಕಾವಲು.

ಬರೋ ಭಾನುವಾರ ಬೆಳಗ್ಗೆ ಏಳಕ್ಕೆ ತೂಬಿನ ಹತ್ತಿರ ಇರ್ತೀನಿ. ತಿಂಡಿ, ಕಾಫಿ ನಮ್ಮನೆಯದು. ಬರೋರು ಕೆಳಗೆ ಹೆಸರು ಹಾಕಿ, ಎಷ್ಟು ಜನಕ್ಕೆ ಇಡ್ಲಿ ಬೇಯಿಸ್ಬೇಕು ಅಂತ ಈಗಲೇ ಕೇಳ್ತಿದ್ದಾಳೆ.