ತೂತುಗಳ ಎರಕ

ಆಷಾಢದಲ್ಲಿ ನಾನು ಈ ಕೆಲಸಕ್ಕೆ ಕೈ ಹಾಕುವುದಿಲ್ಲ. ಚಿತ್ರದುರ್ಗದ ಗುಡ್ಡಗಳ ಮೇಲೆ ಗಾಳಿಯಂತ್ರಗಳು ಗಿರ್ರನೆ ತಿರುಗುವ ಕಾಲವದು. ಕಿಟಕಿ ಎಷ್ಟು ಬಿಗಿ ಹಾಕಿದರೂ ಗಾಳಿ ಒಳಗೆ ಸುಳಿದು, ಸೀಸೆಯ ಸ್ಪಿರಿಟ್ ಒಂದೇ ಸಮ ಆರುವುದಿಲ್ಲ. ನನಗೆ ಬೇಕಾದದ್ದು ಮಾಘದ ಒಣ ಹವೆ, ಹೆದ್ದಾರಿ ಲಾರಿಗಳ ನಡುಕ ತಟ್ಟದ ಹಿತ್ತಲ ಕೋಣೆ.

ಮಾಡುವುದು ಹರಳು. ಆಲ್ಕೋಹಾಲ್, ನೀರು, ಅಮೋನಿಯಾ, ಜೊತೆಗೊಂದು ಸಿಲಿಕೇಟ್ ಸೇರಿಸಿ ಸಿಲಿಕಾದ ಗುಂಡುಗಳನ್ನು ಬೆಳೆಸುವ ವಿಧಾನವನ್ನು 1968ರಲ್ಲಿ ಸ್ಟೋಬರ್ ಮತ್ತು ಸಂಗಡಿಗರು ಪ್ರಕಟಿಸಿದರು. ನನ್ನ ಗುಂಡುಗಳ ಅಡ್ಡಳತೆ ಸುಮಾರು 300 ನ್ಯಾನೋಮೀಟರ್. ಎಲ್ಲವೂ ಒಂದೇ ಗಾತ್ರ ಇರಬೇಕು, ಇಲ್ಲದಿದ್ದರೆ ಮುಂದಿನ ಪಾಡೆಲ್ಲ ದಂಡ. ಅವು ತೇಲುವ ಬಿಳಿ ದ್ರವದಲ್ಲಿ ಗಾಜಿನ ಪಟ್ಟಿ ನಿಲ್ಲಿಸಿ ಸುಮ್ಮನಿದ್ದುಬಿಟ್ಟರಾಯಿತು. ಸ್ಪಿರಿಟ್ ಆರಿ ಕೆಳಗಿಳಿದಂತೆಲ್ಲ ಗುಂಡುಗಳು ಅಂಚಿಗೆ ಸರಿದು, ಒಂದರ ಪಕ್ಕ ಒಂದು, ಸಾಲಿನ ಮೇಲೆ ಸಾಲು ಕೂರುತ್ತವೆ. ಗಾಜು ಓರೆ ಮಾಡಿದರೆ ಕೆಂಪು ಮಿಂಚು! ಒಣಗುತ್ತ ಪದರ ಕುಗ್ಗುವುದರಿಂದ ಬೇಸಗೆಯ ಹಿರಿಯೂರಿನ ಎರೆಹೊಲದಂತೆ ಅಲ್ಲಲ್ಲಿ ಬಿರಿಯುವುದೂ ಉಂಟು.

ಹೊಸದುರ್ಗದಿಂದ ಬಂದಿದ್ದ ನಮ್ಮ ಭಾವ ಅದನ್ನು ನೋಡಿ, ‘ಯಾವ ಬಣ್ಣ ಕಲಸಿದೆ?’ ಎಂದ. ಕಲಸಿದ್ದೇನೂ ಇಲ್ಲ, ಪದರಗಳ ನಡುವಿನ ಅಂತರಕ್ಕೆ ಹೊಂದುವ ಬೆಳಕು ಮಾತ್ರ ಮರಳುತ್ತದೆ. ಓಪಲ್ ಕಲ್ಲಿನ ಗುಟ್ಟೂ ಇದೇ. 1953ರಲ್ಲಿ ಸಿ. ವಿ. ರಾಮನ್ ಮತ್ತು ಎ. ಜಯರಾಮನ್ ಓಪಲ್‌ನ ಬಣ್ಣಕ್ಕೆ ಪದರಗಳೇ ಕಾರಣ ಎಂದರು. ಆ ಪದರಗಳು ಗುಂಡುಗಳವು ಎಂದು ತಿಳಿಯಲು 1964ರವರೆಗೆ, ಆಸ್ಟ್ರೇಲಿಯಾದವರ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದವರೆಗೆ ಕಾಯಬೇಕಾಯಿತು.

ಬಹಳ ಮಂದಿ ಇಲ್ಲಿಗೇ ನಿಲ್ಲಿಸುತ್ತಾರೆ. ನನಗೆ ರುಚಿ ಹತ್ತಿರುವುದು ಇದರ ಮುಂದಿನದರಲ್ಲಿ. ಗುಂಡುಗಳನ್ನು ಎಷ್ಟೇ ಒತ್ತಾಗಿ ಜೋಡಿಸಿದರೂ ನೂರರಲ್ಲಿ 26 ಪಾಲು ಜಾಗ ಖಾಲಿ. ಅಲ್ಲಿಗೆ ಅಕ್ರಿಲಿಕ್ ಆಗಬೇಕಾದ ದ್ರವವನ್ನು ಹೀರಿಸಿ ಗಟ್ಟಿಯಾಗಲು ಬಿಟ್ಟರೆ ಬಣ್ಣ ಮಂಗಮಾಯ. ಸಿಲಿಕಾ, ಅಕ್ರಿಲಿಕ್ ಎರಡೂ ಬೆಳಕನ್ನು ಬಹುಪಾಲು ಒಂದೇ ರೀತಿ ಬಾಗಿಸುವುದರಿಂದ ಹಾಳೆ ತಿಳಿಯಾಗಿಬಿಡುತ್ತದೆ. ಆಮೇಲೆ ಸಿಲಿಕಾ ಕರಗಿಸಬೇಕು. ಹೈಡ್ರೋಫ್ಲೋರಿಕ್ ಆಮ್ಲಕ್ಕೆ ಇದು ಬೇಗನೆ ಆಗುವ ಕೆಲಸ, ಆದರೆ ಅದನ್ನು ಮನೆಯಲ್ಲಿಡುವವನಿಗೆ ತಲೆ ನೆಟ್ಟಗಿಲ್ಲ ಎಂದೇ ನನ್ನ ಅಭಿಪ್ರಾಯ. ಕಾಸ್ಟಿಕ್ ಸೋಡಾ ನಿಧಾನ, ಇರಲಿ. ಪ್ರತಿ ಗುಂಡು ಅಕ್ಕಪಕ್ಕದ 12 ಗುಂಡುಗಳನ್ನು ತಾಗಿಕೊಂಡಿರುತ್ತದಲ್ಲ, ತಾಗಿದ ಕಡೆಯೆಲ್ಲ ಒಂದೊಂದು ಕಿಂಡಿ ಉಳಿಯುತ್ತದೆ. ಸೋಡಾ ಆ ಕಿಂಡಿಗಳಿಂದ ಒಳಹೊಕ್ಕು ಕೋಣೆ ಕೋಣೆ ಬರಿದು ಮಾಡುತ್ತದೆ. ತೊಳೆದು ಒಣಗಿಸಿದರೆ ಬಣ್ಣ ಮರಳಿ ಬರುತ್ತದೆ, ಈಗ ಹಸಿರು. ಗುಂಡಿದ್ದಲ್ಲೆಲ್ಲ ಗಾಳಿ.

ಈ ತೂತಿನ ಹಾಳೆಯೇ ಅಚ್ಚು. 2001ರಲ್ಲಿ ಅಮೆರಿಕದ ರೈಸ್ ವಿಶ್ವವಿದ್ಯಾಲಯದ ಜಿಯಾಂಗ್, ಬರ್ಟೋನ್, ಕೊಲ್ವಿನ್ ಇಂಥ ತೂತುಗಳಲ್ಲಿ ಬೇರೆ ವಸ್ತು ತುಂಬಿ, ಅಚ್ಚು ಕರಗಿಸಿ, ಹೊಸ ಗುಂಡುಗಳ ಹರಳನ್ನೇ ಹೊರತೆಗೆದರು. ನಮ್ಮ ವಿಗ್ರಹದವರು ಮೇಣ ಕರಗಿಸಿ ಎರಕ ಹೊಯ್ಯುವ ಪದ್ಧತಿಯ ಹೆಸರನ್ನೇ ಅವರು ಇದಕ್ಕೂ ಇಟ್ಟಿದ್ದಾರೆ. ಟೈಟಾನಿಯಾ ತುಂಬಿ ನೋಡುವ ಆಸೆ ನನಗೂ ಇದೆ, ಆದರೆ ಟಾಲ್ವೀನ್‌ನಲ್ಲಿ ಅಚ್ಚನ್ನು ಕಳೆದುಕೊಳ್ಳಲು ಮನಸ್ಸು ಬರುವುದಿಲ್ಲ. ಅದರ ಮೇಲೆ ಒಂದು ತೊಟ್ಟು ಸ್ಪಿರಿಟ್ ಬಿಟ್ಟು ನೋಡಬೇಕು: ತೂತುಗಳು ತುಂಬುತ್ತಲೇ ಹಸಿರು ಕೆಂಪಿಗೆ ತಿರುಗಿ, ಆರುತ್ತ ಅಂಚಿನಿಂದ ಮತ್ತೆ ಹಸಿರು ನುಗ್ಗಿಬರುತ್ತದೆ.

ಹೊಳಲ್ಕೆರೆಯಿಂದ ಓದಲು ಬರುವ ಹುಡುಗಿಯೊಬ್ಬಳು ಇದನ್ನು ಓಲೆಗೆ ಕೂರಿಸಬಹುದೇ ಎಂದು ಕೇಳಿದಳು. ಧಾರಾಳವಾಗಿ ಕೂರಿಸಬಹುದು. ಸೆಂಟು ಹಾಕಿಕೊಳ್ಳುವಾಗ ಮಾತ್ರ ಜೋಪಾನ, ಹಸಿರು ಸೀರೆಗೆಂದು ಹಾಕಿಕೊಂಡ ಓಲೆ ಬಾಗಿಲು ದಾಟುವ ಮೊದಲೇ ಕೆಂಪಾದೀತು.